ಕಿಟಕಿಯೊಳಗೆ ಎಸೆದ ಕಂಬಳಿ

ಖಾನಾಪುರ
೧೪ ಮಾರ್ಚ್ ೨೦೦೧

ಖಾಸಬಾಗದ ಪತ್ರಕರ್ತ ಪ್ರಸಾದ ಸರ್ ಅವರಿಗೆ ಮಾಲಾಳ ನಮಸ್ಕಾರಗಳು.

ವಾರಪತ್ರಿಕೆಯಲ್ಲಿ ಬಂದ ನಿಮ್ಮ ಲೇಖನವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ.

ಬೆಳಗಾವಿಯ ಬಸ್ಸಿನಲ್ಲಿ ಬಾಂಬ್ ಸಿಡಿದ ಮೇಲೆ ನೋಡಿದವರು ಹೇಳಿದಂತೆ ಪೊಲೀಸರು ಬರೆಸಿದ ಶಂಕಿತನ ಚಿತ್ರ ಪೇಪರಿನಲ್ಲಿ ಬಂದಾಗಲೇ ಅದು ಅಪ್ಪನ ಮುಖವೆಂದು ನಮಗೆ ಗೊತ್ತಾಗಿತ್ತು. ಕುರಿ ಮಾರಲು ಹೋದ ಅಪ್ಪ ಮನೆಗೆ ಬಂದಿರಲಿಲ್ಲ. ನಾವು ಹೆದರಿ, ನೀವು ಬರುವವರೆಗೆ ಏಳು ತಿಂಗಳು ಬಾಯಿ ಬಿಡಲಿಲ್ಲ.

ಆ ಚಿತ್ರದವನು ಬಸ್ಸಿನ ಕಿಟಕಿಯೊಳಗೆ ಗಂಟು ಎಸೆದು ಹೊರಟುಹೋದ ಎಂದು ಎಲ್ಲರೂ ಹೇಳಿದರು. ಅದು ಸೀಟು ಹಿಡಿಯಲು ಎಸೆದ ಕಂಬಳಿ ಇರಬಹುದೆಂದು ಯೋಚಿಸಿದವರು ನೀವೊಬ್ಬರೇ. “ಸೀಟ್ ಹಿಡದಾಂವ ತಿರುಗಿ ಬಂದಿರಲೇಬೇಕಲ್ರೀ” ಎಂದು ನಮ್ಮ ಕಟ್ಟೆಯ ಮೇಲೆ ಕುಳಿತು ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬದುಕುಳಿದ ಕಂಡಕ್ಟರರನ್ನು ಹುಡುಕಿದಿರಿ. ಅಪ್ಪ ಚಹಾ ಕುಡಿದು ಬಂದು ಅದೇ ಕಂಬಳಿಯ ಮೇಲೆ ಕುಳಿತಿದ್ದನೆಂದು ಅವರಿಂದ ಬರೆಸಿಕೊಂಡಿರಿ. ಗುರುತು ಸಿಗದ ಶವದ ಕೈಯಲ್ಲಿದ್ದ ಕಡಗದ ಫೋಟೋ ತಂದು ಅವ್ವನಿಗೆ ತೋರಿಸಿದಿರಿ; ಅದು ಅಪ್ಪನದೇ. ಅಂದು ನಾವು ಬಾಗಿಲು ಹಾಕಿಕೊಳ್ಳದೆ ಅತ್ತೆವು. ಆ ಉಪಕಾರ ಮರೆಯುವಂಥದ್ದಲ್ಲ.

ಇನ್ನೊಂದು ಕೆಲಸ ಹೇಳಲು ಸಂಕೋಚವಾಗುತ್ತದೆ. ನಮ್ಮ ಹತ್ತಿರ ಅಪ್ಪನ ಫೋಟೋ ಒಂದೂ ಇಲ್ಲ. ಪೊಲೀಸರು ಬರೆಸಿದ ಆ ಚಿತ್ರದ ಒಳ್ಳೆಯ ಪ್ರತಿ ಸಿಕ್ಕರೆ, ಕೆಳಗಿನ ‘ಶಂಕಿತ’ ಎಂಬ ಸಾಲು ತೆಗೆಸಿ ಕಳಿಸಿಕೊಡಿ. ಕಟ್ಟು ಹಾಕಿಸಬೇಕು. ಬೇರೆ ಚಿತ್ರ ಬರೆಸೋಣ ಎಂದರೆ ಅವ್ವ ಒಪ್ಪುತ್ತಿಲ್ಲ.

“ಮಂದಿ ಹೆದರಿ ಏನರೆ ತಿಳಕೊಳ್ಳಲಿ, ನಿಮ್ಮಪ್ಪನ ಮಾರಿ ಮಾತ್ರ ಖರೇನ ಹೇಳ್ಯಾರ” ಎನ್ನುತ್ತಾಳೆ.

ಇಂತಿ,
ಸತ್ಯಪ್ಪನ ಮಗಳು
ಮಾಲಾ