ರೇಷ್ಮೆಹುಳದ ತಟ್ಟೆಯಲ್ಲಿ ಮರುತ್ ವಿಮಾನ

ಶುಕ್ರವಾರ, ಬೆಳಿಗ್ಗೆ ಆರೂವರೆ

ರೀ,

ಏಳರ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೊರಟಿದ್ದೇನೆ. ಮುದ್ದೆ ಮಾಡಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೊಳ್ಳಿ.

ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ ಅಲ್ಲಿನ ಬಚ್ಚಪ್ಪನವರ ಕಾಗದ ನಿನ್ನೆ ಬಂತು. ತಾವೇ ಹಲಸಿನ ಮರದಲ್ಲಿ ಕೆತ್ತಿದ ಮರುತ್ ಯುದ್ಧವಿಮಾನದ ಮಾದರಿಯನ್ನು ನನಗೆ ಕೊಡುತ್ತಾರಂತೆ! ಎರಡೂವರೆ ಅಡಿ ಉದ್ದ, ಎರಡು ಎಂಜಿನ್ನೂ ಇವೆಯಂತೆ. ಬದಲಿಗೆ ಕೇಳಿರುವುದು 1974ರ ಪತ್ರಿಕೆಯ ಆ ಚಿತ್ರ. ಮರುತ್ ಪಕ್ಕದಲ್ಲಿ ಏಣಿ ಹಿಡಿದು ನಿಂತವರು ಅವರೇ. ಪತ್ರಿಕೆಯವರು ಹೆಸರು ಹಾಕದೆ ‘ಮತ್ತೊಬ್ಬರು’ ಎಂದು ಬರೆದಿದ್ದರು. ಅವರ ಬಳಿ ಪ್ರತಿ ಉಳಿದಿಲ್ಲ.

ನಾನು ವಿಮಾನದ ಚಿತ್ರ ಕೂಡಿಡುವ ಟ್ರಂಕಿನಲ್ಲೂ ಈಗ ಇಲ್ಲ. ನೀವು ಅದನ್ನು ರೇಷ್ಮೆಹುಳದ ಮೂರನೇ ತಟ್ಟೆಗೆ ಹಾಸಿದ್ದೀರಿ! ಈಗಷ್ಟೇ ನೋಡಿದೆ, ಸೊಪ್ಪಿನ ಅಡಿಯಿಂದ ಬಾಲ ಮತ್ತು ಅರ್ಧ ರೆಕ್ಕೆ ಕಾಣುತ್ತಿದೆ. ಹಾಸುವ ಪೇಪರ್ ಅಟ್ಟದ ಮೇಲಿದೆ, ಟ್ರಂಕಿನಲ್ಲಿರುವುದು ನನ್ನ ವಿಮಾನಗಳು ಅಂತ ಎಷ್ಟು ಸಲ ಹೇಳಲಿ?

ಹಾಗಂತ ಈಗ ಎಳೆಯಬೇಡಿ. ಹುಳು ಪೊರೆ ಬಿಡಲು ನಾಲ್ಕನೇ ಜ್ವರಕ್ಕೆ ಕೂತಿವೆ, ಅಲುಗಿಸಬಾರದು ಅಂತ ನಾನೂ ಮುಟ್ಟಲಿಲ್ಲ. ನಾಳೆ ಅವು ಎದ್ದು ಹೊಸ ಸೊಪ್ಪಿಗೆ ಹತ್ತಿದ ಮೇಲೆ ಬೇರೆ ತಟ್ಟೆಗೆ ಬಿಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ನೆರಳಲ್ಲಿ ಒಣಗಿಸಿ. ಒರೆಸಬೇಡಿ. ಏಣಿ ಹಿಡಿದವರ ಮುಖ ಮಾತ್ರ ಹರಿಯಬಾರದು.

ಬಚ್ಚಪ್ಪನವರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅವರೂ ಹುಳುಮನೆಯಲ್ಲೇ ಬೆಳೆದವರು, ಚಿತ್ರಕ್ಕೆ ಎರಡು ದಿನ ಕಾದಾರು.

ಸಂಜೆ ಐದೂವರೆಗೆ ಸ್ಟಾಪಿಗೆ ಬನ್ನಿ. ‘ನಿನ್ ಪ್ಲೇನು ನಮ್ ಹುತ್ತೂರಾಗೆ ಎಲ್ಲಿ ಇಳೀತದೆ ಕಣೇ?’ ಅಂತ ಆಡಿಕೊಳ್ಳುತ್ತಿದ್ದಿರಲ್ಲ, ಬಸ್ ಸ್ಟಾಪಿನಲ್ಲೇ ಇಳಿಯುತ್ತೆ. ಒಂದು ರೆಕ್ಕೆ ನೀವು ಹಿಡಿಯಬೇಕು.

ವೆಂಕಟರತ್ನ