ಹಚ್ಚೆ ಹಾಕಿದ ರಬ್ಬರ್ ಕೈ

ನವೆಂಬರ್ 10, ಸೋಮವಾರ. ಬೈಲಹೊಂಗಲ, ಹಾಸ್ಟೆಲ್

ನರ್ಸಿಂಗ್ ಲ್ಯಾಬ್‌ನಲ್ಲಿ ಇವತ್ತೂ ರಬ್ಬರ್ ಕೈ. ಒಳಗೆ ಸಿಲಿಕೋನ್ ರಕ್ತನಾಳ, ಅದರಲ್ಲಿ ಕೆಂಪು ನೀರು. ರೂಮ್‌ಮೇಟ್ ಶಿವಾನಿ ರಬ್ಬರ್ ಬಲ್ಬ್ ಒತ್ತಿ ನೀರು ಹರಿಸಿದಳು, ನಾನು ಸೂಜಿ ಹಾಕಿದೆ. ಫಸ್ಟ್ ಟ್ರೈ. ಸುಲಭ — ಚರ್ಮದ ಮೇಲೆ ನೀಲಿ ಗೆರೆ ಕಾಣುತ್ತದೆ. ನಾಳೆ ವಾರ್ಡ್. ನಿಜವಾದ ಕೈ.

ನವೆಂಬರ್ 11

ಬರೆಯಲೇಬಾರದು ಅಂದುಕೊಂಡಿದ್ದೆ.

ಸಿರಸಂಗಿಯ ಕಾಡವ್ವ, ವಯಸ್ಸಾದವಳು. ವಾಂತಿಭೇದಿ, ಸಲಾಯಿನ್ ಬೇಕು. ಎಡಗೈ ತುಂಬ ಹಸಿರು ಹಚ್ಚೆ. ಉದ್ದಕ್ಕೆ ಒಂದು ಗೆರೆ ಕಂಡಿತು. ಅದೇ ರಕ್ತನಾಳ ಅಂತ ಚುಚ್ಚಿದೆ. ರಕ್ತ ಬರಲಿಲ್ಲ. ಇನ್ನಷ್ಟು ಒಳಗೆ...

"ಯವ್ವಾ, ಅದು ಬಳ್ಳಿ," ಅಂದಳು ಕಾಡವ್ವ, ಹಲ್ಲು ಕಚ್ಚಿಕೊಂಡು. "ಸಲಾಯಿನ್ ಬಿಟ್ರ ಚಿಗರತೈತೇನು?"

ವಾರ್ಡ್ ಎಲ್ಲ ನಕ್ಕಿತು. ನಮಗೆ ಕಲಿಸುವ ಗೌತಮಿ ಮೇಡಂ ನಗಲಿಲ್ಲ. ಬಲಗೈಗೆ ತಾವೇ ಹಾಕಿದರು. ಹೊರಗೆ ಕರೆದು ಹೇಳಿದ್ದು: "ಶನಿವಾರ ಆಕಿ ಸೂಜಿ ಬದಲಸೂದದ, ಮಧು. ಆಕಿ ಒಪ್ಪಿದ್ರ ನೀನ ಹಾಕು. ಮತ್ತ ತಪ್ಪಿದ್ರ ಈ ವರ್ಷ ನಿನಗ ವಾರ್ಡ್ ಇಲ್ಲ."

ವಾರ್ಡ್ ಇಲ್ಲ ಅಂದರೆ ವರ್ಷವೇ ಹೋಯಿತು.

ನವೆಂಬರ್ 13

ಲ್ಯಾಬ್‌ಗೆ ಹೊಸ ರಬ್ಬರ್ ಕೈ ಬಂದಿದೆ. ನಮ್ಮ ಬಣ್ಣದ್ದೇ ಚರ್ಮ. ಗೆರೆ ಇಲ್ಲ. ಬೆರಳಿಟ್ಟರೆ ನಾಳ ಜಾರುತ್ತದೆ, ತಪ್ಪಿದರೆ ಊದುತ್ತದೆ. ಪ್ರತಿ ಸಲವೂ ಊದಿಸಿದೆ. ಇಷ್ಟು ದಿನ ನಾನು ಮುಟ್ಟಿಯೇ ಇರಲಿಲ್ಲ, ಬರೀ ನೋಡುತ್ತಿದ್ದೆ.

ಎಲ್ಲರೂ ಚಹಾಕ್ಕೆ ಹೋದಾಗ ಹಸಿರು ಮಾರ್ಕರ್‌ನಿಂದ ಅದರ ಮೇಲೆ ಬಳ್ಳಿ ಬರೆದೆ. ಕಣ್ಣು ಬೇಕಾದರೆ ಮೋಸ ಹೋಗಲಿ, ಬೆರಳು ಹುಡುಕಲಿ.

"ನಿನಗ ತಲಿ ಕೆಟ್ಟೈತಿ," ಅಂದಳು ಶಿವಾನಿ.

ಬಣ್ಣ ಹೋಗುತ್ತಿಲ್ಲ. ಸ್ಪಿರಿಟ್ ಹಚ್ಚಿದರೂ.

ನವೆಂಬರ್ 14

ಮೇಡಂ ನೋಡಿಬಿಟ್ಟರು. ತಿರುಗಿಸಿ ತಿರುಗಿಸಿ ನೋಡಿದರು.

"ಯಾರು ಇದಕ್ಕ ಹಚ್ಚಿ ಹಾಕಿದಾಕಿ?"

ಎದ್ದು ನಿಂತೆ.

"ಎಲಿ ಬರಿಯೂದ ಬಿಟ್ಟೀಯಲ್ಲ. ಕಾಡವ್ವನ ಬಳ್ಳಿಗೆ ಎಲಿ ಅವ."

ಅಷ್ಟೇ. ಸೂಜಿ ಕೈಗೆ ಕೊಟ್ಟರು. ಒಮ್ಮೆ ಸಿಕ್ಕಿತು, ಒಮ್ಮೆ ಇಲ್ಲ.

ನವೆಂಬರ್ 15, ಶನಿವಾರ. ವಾರ್ಡ್

ಕಾಡವ್ವನ ಬಲಗೈ ಊದಿದೆ. ಉಳಿದದ್ದು ಹಚ್ಚೆಯ ಕೈ. ಮೇಡಂ ಟ್ರೇ ತರಲು ಹೋಗಿದ್ದಾರೆ. ಸ್ಟೂಲ್ ಮೇಲೆ ಕೂತು ಗೀಚುತ್ತಿದ್ದೇನೆ, ಸುಮ್ಮನೆ ಕೂರಲಾಗುತ್ತಿಲ್ಲ.

"ನಾ ಹಾಕ್ಲೇನ್ರಿ, ಆಯಿ?" ಅಂತ ಕೇಳಿದೆ.

"ಬಳ್ಳಿ ಬಿಟ್ಟು ಬ್ಯಾರೆ ಕಡಿ ಹಾಕೂದಾದ್ರ ಹಾಕು."

"ಬಳ್ಳಿಗೆ ಹಾಕೂದಿಲ್ರಿ."

ಆಗಲೇ ಬೆರಳಿಟ್ಟು ನೋಡಿದ್ದೇನೆ. ಬಳ್ಳಿ ಒಂದು ಕಡೆ, ನಾಳ ಇನ್ನೊಂದು ಕಡೆ. ಎರಡನೇ ಎಲೆಯ ಪಕ್ಕ, ಮೆತ್ತಗೆ, ಒತ್ತಿದರೆ ಪುಟಿಯುತ್ತದೆ. ಅದೇ ಇರಬೇಕು. ಅದೇ.

ಮೇಡಂ ಬಂದರು. ಕಾಡವ್ವ ಕೈ ಚಾಚಿದ್ದಾಳೆ. ಪೆನ್ ಇಡುತ್ತೇನೆ. ಕಣ್ಣು ಮುಚ್ಚಿ ಇನ್ನೊಮ್ಮೆ ಬೆರಳಿಡಬೇಕು, ಆಮೇಲೆ ಸೂಜಿ—