ನಿಮ್ಮ ಹಾಡು, ಆಪಾ

ಖುರ್ಷಿದಾ ಆಪಾ,

ನೀವು ಮಣ್ಣಾಗಿ ಎರಡು ವರ್ಷ. ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ಹಾಲೆಂಡಿನ ನ್ಯೂವೆಗೈನ್‌ನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ, ಅಮೆರಿಕದ ಒಂದೇ ಮನೆಯ ಕಪ್ಪು ಅಕ್ಕತಂಗಿಯರು ಹಾಡಿದ ಆ ಹಳೆಯ ‘ಸೋಲ್’ ಸಂಗೀತದ ಇಂಗ್ಲಿಷ್ ಹಾಡು ಸ್ಪೀಕರಿನಲ್ಲಿ ಬಂತು. ಅದರ ಧಾಟಿಗೆ ನೀವು ಕಟ್ಟಿದ್ದ ಜಾಥಾ ಹಾಡನ್ನು ಮೇಜು ಬಡಿದು ಹಾಡಿಬಿಟ್ಟೆ.

“ಸೂಪರ್ ಸರ್, ಲಿರಿಕ್ಸ್ ಯಾರ್ದು?” ಎಂದಳು ಜೊತೆಗೆ ಕೆಲಸ ಮಾಡುವ ಗಾನವಿ.

“ನಂದೇ,” ಎಂದೆ. ನಾಲಿಗೆ ಬಿದ್ದುಹೋಗಲಿಲ್ಲ.

ಅಂದು ಊರಲ್ಲಿ ನಮ್ಮ ಸಂಘಟನೆಯ ಹಾಡಿನ ಪುಸ್ತಕದಿಂದ ನಿಮ್ಮ ಹೆಸರು ಹೊಡೆದುಹಾಕಿದವನೂ ನಾನೇ. ಹೋರಾಟದ ಹಾಡಿಗೆ ಹೆಸರು ಬೇಡವೆಂದು ಭಾಷಣ ಬಿಗಿದಿದ್ದೆ. “ಜನ ಹಾಡಿದ್ರೆ ಸಾಕು ಬಿಡಪ್ಪಾ,” ಎಂದು ನೀವು ನಕ್ಕಿದ್ದಿರಿ.

ಸಂಜೆ ಗಾನವಿಗೆ ಹಾಡು ಬರೆದುಕೊಟ್ಟೆ. “ಕೆಳಗೆ ಹೆಸರು ಹಾಕಿ ಸರ್,” ಎಂದಳು. ನಿಮ್ಮದನ್ನು ಬರೆಯಬಹುದಿತ್ತು.

“ಹೋರಾಟದ ಹಾಡಿಗೆ ಹೆಸರು ಬೇಡಮ್ಮಾ,” ಎಂದೆ.

“ಎಷ್ಟು ದೊಡ್ಡ ಮನಸ್ಸು ಸರ್ ನಿಮ್ದು,” ಎಂದಳು.